ಗಾಡಿ ನಡುಗುವುದು ಸುಮ್ಮನೆ ಅಲ್ಲ

ವಾಷಿಂಗ್ ಮೆಷಿನ್ ಬಟ್ಟೆ ಹಿಂಡುವಾಗ ದಡದಡ ಎಂದು ಕುಣಿಯತೊಡಗಿದರೆ ನಾವು ಏನು ಮಾಡುತ್ತೇವೆ? ಓಡಿ ಹೋಗಿ ನಿಲ್ಲಿಸುತ್ತೇವೆ. ಮುಚ್ಚಳ ತೆಗೆದು ನೋಡಿದರೆ ಒದ್ದೆಯಾದ ಬೆಡ್‌ಶೀಟ್ ಒಂದೇ ಬದಿಗೆ ಮುದ್ದೆಯಾಗಿ ಕುಳಿತಿರುತ್ತದೆ. ಅದನ್ನು ಬಿಡಿಸಿ ಸುತ್ತಲೂ ಹರಡುತ್ತೇವೆ. ಕುಣಿತ ನಿಲ್ಲುತ್ತದೆ. ಕುಕ್ಕರಿನ ಅಂಚಿನಿಂದ ಆವಿ ಬುಸುಗುಟ್ಟಿದರೆ ಗ್ಯಾಸ್ಕೆಟ್ ಸಡಿಲವಾಗಿದೆ ಎಂದು ಹೇಳಲು ನಮಗೆ ಯಾರೂ ಬೇಕಾಗಿಲ್ಲ. ಮಿಕ್ಸಿ ಜಾರ್ ನಡುಗಿದ ರೀತಿಯಲ್ಲೇ ಅದರ ಬುಡದ ಬುಷ್ ಸವೆದಿದೆಯೋ, ಒಳಗೆ ತೆಂಗಿನಕಾಯಿ ಹೆಚ್ಚಾಗಿದೆಯೋ ಎಂದು ತಿಳಿಯುತ್ತೇವೆ. ಇದಕ್ಕೆಲ್ಲ ನಮಗೆ ಯಾವ ಕಾಲೇಜಿನಲ್ಲೂ ಪಾಠ ಮಾಡಿಲ್ಲ. ದಿನವೂ ಕೇಳಿ, ಮುಟ್ಟಿ, ನೋಡಿ ಕಲಿತದ್ದು.

ಆದರೆ ಅದೇ ನಾವು, ಓಡಿಸುತ್ತಿರುವ ಕಾರು ನಡುಗಿದರೆ ಮಾತ್ರ ನಮ್ಮ ಬುದ್ಧಿಯನ್ನು ಮನೆಯಲ್ಲೇ ಬಿಟ್ಟು ಬಂದವರಂತೆ ಆಗುತ್ತೇವೆ. "ರೋಡ್ ಸರಿಯಿಲ್ಲ" ಎಂದು ಯಾರಾದರೂ ಹೇಳಿದರೆ ಹೌದೆನ್ನುತ್ತೇವೆ. "ಹೆಂಗಸರು ಓಡಿಸಿದರೆ ಹಾಗೇ" ಎಂದರೂ ಸುಮ್ಮನಿರುತ್ತೇವೆ. ಕರಾವಳಿಯ ನಮ್ಮ ಎಷ್ಟೋ ಮನೆಗಳಲ್ಲಿ ಗಂಡಸರು ಗಲ್ಫ್‌ನಲ್ಲಿದ್ದಾರೆ. ಅಂಗಳದಲ್ಲಿ ನಿಂತ ಕಾರಿನಲ್ಲಿ ಮಕ್ಕಳನ್ನು ಶಾಲೆಗೆ ಬಿಡುವುದೂ, ಹಿರಿಯರನ್ನು ಆಸ್ಪತ್ರೆಗೆ ಕರೆದೊಯ್ಯುವುದೂ ನಾವೇ. ಸೌದಿಯಲ್ಲಿ ಮಹಿಳೆಯರ ವಾಹನ ಚಾಲನೆಗೆ ಅನುಮತಿ ಸಿಕ್ಕಿದ್ದು 2018ರ ಜೂನ್‌ನಲ್ಲಿ. ಸೌದಿಯಲ್ಲಿ ದುಡಿಯುವವರ ಹೆಂಡತಿಯರಾದ ನಾವು ಅದಕ್ಕಿಂತ ಮೊದಲೇ ಇಲ್ಲಿ ಲೈಸೆನ್ಸ್ ಮಾಡಿಸಿಕೊಂಡಿದ್ದೆವು. ಓಡಿಸಲು ಕಲಿತ ಮೇಲೆ ಅದರ ನೋವು ನಲಿವನ್ನು ತಿಳಿಯುವುದೂ ನಮ್ಮ ಕೆಲಸವೇ.

ನಾನು ಓದಿದ್ದು ಮದ್ರಸದಲ್ಲಿ, ಆಮೇಲೆ ಹೆಣ್ಣು ಮಕ್ಕಳ ಅರಬಿ ಕಾಲೇಜಿನಲ್ಲಿ. ಮದುವೆಯ ನಂತರ ಮನೆಯಲ್ಲೇ ಓದಿ ಬಿ.ಎ. ಮುಗಿಸಿದೆ. ಈಗ ಮಕ್ಕಳಿಗೆ ಅರಬಿ ವ್ಯಾಕರಣ ಕಲಿಸುತ್ತೇನೆ. ಹಾಗಿರುವಾಗ ಗಾಡಿಯ ವಿಷಯ ನಿಮಗೆಲ್ಲಿಂದ ಎಂದು ಕೇಳಬಹುದು. ನನ್ನ ಉಪ್ಪ ಲಾರಿ ಚಾಲಕರಾಗಿದ್ದರು. ಮಂಗಳೂರಿನಿಂದ ಹೆಂಚು ತುಂಬಿಸಿಕೊಂಡು ಶಿರಾಡಿ ಘಾಟಿ ಹತ್ತಿ ಹಾಸನದ ಕಡೆಗೆ ಹೋಗುತ್ತಿದ್ದರು. ಹೊರಡುವ ಮುಂಚೆ ಕಬ್ಬಿಣದ ಲಿವರಿನಿಂದ ಒಂದೊಂದೇ ಟಯರಿಗೆ ಬಡಿದು ಅದರ ಶಬ್ದ ಕೇಳುತ್ತಿದ್ದರು. ಗಾಳಿ ತುಂಬಿದ ಟಯರಿನ ದನಿ ಬೇರೆ, ಗಾಳಿ ಇಳಿದದ್ದರ ದನಿ ಬೇರೆ. ಲಾರಿ ನಡುಗುತ್ತದೆ ಎಂದು ಕ್ಲೀನರ್ ಹುಡುಗ ಹೇಳಿದರೆ ಅವರು ಕೇಳುತ್ತಿದ್ದದ್ದು ಮೂರೇ ಪ್ರಶ್ನೆ: "ಯಾವಾಗ ನಡುಗುತ್ತದೆ? ಎಲ್ಲಿ ನಡುಗುತ್ತದೆ? ಎಂತ ಮಾಡಿದರೆ ನಿಲ್ಲುತ್ತದೆ?"

ವ್ಯಾಕರಣ ಕಲಿಸುವಾಗ ನನಗೆ ಇದು ಆಗಾಗ ನೆನಪಾಗುತ್ತದೆ. ಅರಬಿ ಪದದ ಕೊನೆಯ ಅಕ್ಷರಕ್ಕೆ ಬೀಳುವ ಸ್ವರಚಿಹ್ನೆಯನ್ನು ನಾವು ಹರಕತ್ ಎನ್ನುತ್ತೇವೆ. ಆ ಪದದ ಅರ್ಥವೇ ಚಲನೆ. ಒಂದು ವಾಕ್ಯದಲ್ಲಿ ಪದದ ಕೊನೆ ಬದಲಾಯಿತೆಂದರೆ ಅದನ್ನು ಬದಲಾಯಿಸಿದ ಆಮಿಲ್ ಒಂದು ಇದ್ದೇ ಇರುತ್ತದೆ. ಆಮಿಲ್ ಯಾವುದೆಂದು ಹುಡುಕಿ ಎಂದು ಮಕ್ಕಳಿಗೆ ಹೇಳುತ್ತೇನೆ. ಗಾಡಿಯ ನಡುಕಕ್ಕೂ ಒಂದು ಆಮಿಲ್ ಇರುತ್ತದೆ. ಉಪ್ಪನ ಮೂರು ಪ್ರಶ್ನೆಗಳು ಅದನ್ನು ಹುಡುಕುವ ದಾರಿ.

ಮೊದಲು ಹೆಚ್ಚಾಗಿ ಕಾಣುವ ನಡುಕವನ್ನೇ ನೋಡೋಣ. ಊರೊಳಗೆ ಕಾರು ಚೆನ್ನಾಗಿಯೇ ಓಡುತ್ತದೆ. ಹೆದ್ದಾರಿಗೆ ಬಂದು ವೇಗ 70-80 ಕಿಲೋಮೀಟರ್ ತಲುಪಿದಾಗ ಸ್ಟೇರಿಂಗ್ ಕೈಯಲ್ಲಿ ಜುಮ್ಮೆನ್ನತೊಡಗುತ್ತದೆ. ಇದು ಬಹುಪಾಲು ಚಕ್ರದ ತೂಕ ಒಂದು ಬದಿಗೆ ಹೆಚ್ಚಾದ್ದರಿಂದ, ಅಂದರೆ ಬ್ಯಾಲೆನ್ಸ್ ತಪ್ಪಿದ್ದರಿಂದ. ಒದ್ದೆ ಬೆಡ್‌ಶೀಟಿನ ಕಥೆಯೇ. ಹದಿಮೂರು ಇಂಚಿನ ರಿಮ್ ಇರುವ ಚಿಕ್ಕ ಕಾರಿನ ಚಕ್ರ 80 ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಹನ್ನೆರಡು ಹದಿಮೂರು ಸುತ್ತು ತಿರುಗುತ್ತದೆ. ರಿಮ್ಮಿನ ಅಂಚಿನಲ್ಲಿ ಒಂದು ಕಡೆ ಬರೇ 30 ಗ್ರಾಂ ಹೆಚ್ಚಿದ್ದರೆ ಆ ವೇಗದಲ್ಲಿ ಅದು ಚಕ್ರವನ್ನು ಸುಮಾರು 3 ಕಿಲೋ ಭಾರದಷ್ಟು ಬಲದಿಂದ ಹೊರಕ್ಕೆ ಎಳೆಯುತ್ತದೆ. 30 ಗ್ರಾಂ ಎಂದರೆ ಐದು ರೂಪಾಯಿಯ ನಾಲ್ಕೈದು ನಾಣ್ಯಗಳಷ್ಟು ತೂಕ! ವೇಗ ಅರ್ಧಕ್ಕೆ ಇಳಿದರೆ ಈ ಎಳೆತ ಕಾಲು ಭಾಗಕ್ಕೆ ಇಳಿಯುತ್ತದೆ. ಊರೊಳಗೆ ಅದು ಗೊತ್ತಾಗದಿರಲು ಇದೇ ಕಾರಣ.

ಇನ್ನು "ಎಲ್ಲಿ?" ಎಂಬ ಪ್ರಶ್ನೆ. ನಡುಕ ಸ್ಟೇರಿಂಗ್‌ನಲ್ಲಿ ಬಂದರೆ ಹೆಚ್ಚಾಗಿ ಮುಂದಿನ ಚಕ್ರ. ಸೀಟಿನಲ್ಲಿ, ಕಾಲಿನ ಕೆಳಗೆ ಬಂದರೆ ಹಿಂದಿನ ಚಕ್ರ. ಬ್ಯಾಲೆನ್ಸಿಂಗ್ ಮಾಡುವವರು ಚಕ್ರವನ್ನು ಕಳಚಿ ಯಂತ್ರದಲ್ಲಿ ತಿರುಗಿಸಿ, ಎಲ್ಲಿ ತೂಕ ಕಡಿಮೆಯೋ ಅಲ್ಲಿ ರಿಮ್ಮಿಗೆ ಸಣ್ಣ ಲೋಹದ ತುಂಡು ಅಂಟಿಸುತ್ತಾರೆ ಅಥವಾ ಹೊಡೆದು ಕೂರಿಸುತ್ತಾರೆ. ಆ ತುಂಡು ಎಲ್ಲಾದರೂ ಉದುರಿ ಬಿದ್ದರೂ ನಡುಕ ಶುರುವಾಗುತ್ತದೆ. ಮಳೆಗಾಲದಲ್ಲಿ ನಮ್ಮ ಕೆಂಪು ಮಣ್ಣಿನ ರಸ್ತೆಯಲ್ಲಿ ಓಡಾಡಿದಾಗ ರಿಮ್ಮಿನ ಒಳಬದಿಗೆ ಕೆಸರು ಮೆತ್ತಿಕೊಂಡು ಒಣಗುವುದುಂಟು. ಅದೂ ತೂಕವೇ. ಯಂತ್ರಕ್ಕೆ ಹಾಕಿಸುವ ಮುಂಚೆ ಚಕ್ರದ ಒಳಬದಿಗೆ ಪೈಪಿನಿಂದ ನೀರು ಬಿಟ್ಟು ನೋಡಿ. ಕೆಲವೊಮ್ಮೆ ಖರ್ಚಿಲ್ಲದೆ ಕೆಲಸ ಮುಗಿಯುತ್ತದೆ.

ಇಲ್ಲಿ ಒಂದು ಮಾತು. ಬ್ಯಾಲೆನ್ಸಿಂಗ್ ಬೇರೆ, ಅಲೈನ್‌ಮೆಂಟ್ ಬೇರೆ. ಅಲೈನ್‌ಮೆಂಟ್ ಎಂದರೆ ಚಕ್ರಗಳು ನೇರ ನಿಂತಿವೆಯೇ ಎಂದು ನೋಡಿ ಸರಿಪಡಿಸುವುದು. ಅದು ತಪ್ಪಿದರೆ ಕಾರು ಒಂದು ಬದಿಗೆ ಎಳೆಯುತ್ತದೆ, ಟಯರು ಒಂದು ಅಂಚಿನಲ್ಲಿ ಬೇಗ ಸವೆಯುತ್ತದೆ. ನಡುಕಕ್ಕೆ ಅಲೈನ್‌ಮೆಂಟ್ ಒಂದನ್ನೇ ಮಾಡಿಸಿದರೆ ತಲೆನೋವಿಗೆ ಕಾಲಿಗೆ ಎಣ್ಣೆ ಹಚ್ಚಿದಂತೆ. ಎರಡೂ ಹೆಸರನ್ನು ನಾವು ಬೇರೆ ಬೇರೆಯಾಗಿ ತಿಳಿದಿರಬೇಕು.

ಬ್ರೇಕ್ ಒತ್ತಿದಾಗ ಮಾತ್ರ ನಡುಗುತ್ತದೆಯೇ? ಹಾಗಾದರೆ ಬ್ರೇಕಿನ ಡಿಸ್ಕ್ ನೋಡಿಸಬೇಕು. ಮುಂದಿನ ಚಕ್ರದೊಳಗಿನ ಆ ಲೋಹದ ತಟ್ಟೆ ಎಲ್ಲ ಕಡೆ ಒಂದೇ ದಪ್ಪ ಇರಬೇಕು. ಅದು ಏರುಪೇರಾದರೆ ಬ್ರೇಕ್ ಪ್ಯಾಡು ಒತ್ತಿದಾಗಲೆಲ್ಲ ಹಿಡಿತ ಹೆಚ್ಚು ಕಡಿಮೆಯಾಗಿ ಸ್ಟೇರಿಂಗ್ ಅದುರುತ್ತದೆ, ಪೆಡಲ್ ಕಾಲಿನ ಕೆಳಗೆ ಮಿಡಿಯುತ್ತದೆ. ಘಾಟಿ ಇಳಿಯುವಾಗ ಉದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಬಂದರೆ ಡಿಸ್ಕ್ ಕಾದು ಬೇಗ ಹಾಳಾಗುತ್ತದೆ. "ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ" ಎಂದು ಉಪ್ಪ ಹೇಳುತ್ತಿದ್ದದ್ದು ಇದಕ್ಕೇ. ಒಂದು ವಿಷಯಕ್ಕೆ ಮಾತ್ರ ಹೆದರಬೇಡಿ. ಎಬಿಎಸ್ ಇರುವ ಕಾರಿನಲ್ಲಿ ಜೋರಾಗಿ ಬ್ರೇಕ್ ಹಾಕಿದಾಗ ಪೆಡಲ್ ದಡದಡ ಎನ್ನುವುದು ಸಹಜ. ಚಕ್ರ ಬಿಗಿದು ಜಾರದಂತೆ ಅದು ತಡೆಯುತ್ತಿರುತ್ತದೆ. ಆಗ ಕಾಲು ತೆಗೆಯಬಾರದು, ಒತ್ತಿಯೇ ಹಿಡಿಯಬೇಕು.

ನಿಂತಲ್ಲೇ ನಡುಗಿದರೆ ಚಕ್ರದ ತಪ್ಪಿಲ್ಲ. ಸಿಗ್ನಲ್‌ನಲ್ಲಿ ನಿಂತಾಗ, ಅದರಲ್ಲೂ ಎ.ಸಿ. ಹಾಕಿದಾಗ ಇಡೀ ಕಾರು ಜ್ವರ ಬಂದವರಂತೆ ನಡುಗಿದರೆ ಎಂಜಿನ್ ಕಡೆ ನೋಡಬೇಕು. ಸ್ಪಾರ್ಕ್ ಪ್ಲಗ್ ಅಥವಾ ಇಗ್ನಿಷನ್ ಕಾಯಿಲ್ ಕೆಟ್ಟು ಒಂದು ಸಿಲಿಂಡರ್ ಕೆಲಸ ಮಾಡದೆ ಇರಬಹುದು. ಎಂಜಿನನ್ನು ಹೊತ್ತು ಕುಳಿತ ರಬ್ಬರಿನ ಮೌಂಟಿಂಗ್ ಹರಿದಿರಲೂಬಹುದು. ಮೂರು ಸಿಲಿಂಡರಿನ ಚಿಕ್ಕ ಕಾರುಗಳು ನಿಂತಾಗ ಸ್ವಲ್ಪ ನಡುಗುವುದು ಅವುಗಳ ಸ್ವಭಾವ. ನಿನ್ನೆಗಿಂತ ಇಂದು ಹೆಚ್ಚಾಗಿದೆಯೇ ಎಂಬುದೇ ಮುಖ್ಯ. ಜೊತೆಗೆ ಎದುರಿನ ಮೀಟರಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಮಿನುಗುತ್ತಿದ್ದರೆ ದೂರ ಓಡಿಸದೆ ತೋರಿಸಿ ಬಿಡಿ.

ಹೊರಡುವಾಗ ಕ್ಲಚ್ ಬಿಡುತ್ತಿದ್ದಂತೆ ಕಾರು ದಡಬಡಿಸಿದರೆ ಕ್ಲಚ್ ಪ್ಲೇಟ್ ನೋಡಿಸಬೇಕು. ಪೂರ್ತಿ ತಿರುಗಿಸಿದಾಗ ಮುಂದಿನ ಚಕ್ರದ ಬಳಿ ಟಕ್ ಟಕ್ ಶಬ್ದ ಬಂದರೆ ಚಕ್ರಕ್ಕೆ ಹೋಗುವ ಡ್ರೈವ್ ಶಾಫ್ಟಿನ ಕೀಲು ಸವೆದಿರುತ್ತದೆ. ಅದರ ರಬ್ಬರ್ ಚೀಲ ಹರಿದು ಗ್ರೀಸ್ ಹೊರಬಂದು ಮಣ್ಣು ನೀರು ಒಳಹೊಕ್ಕರೆ ಹೀಗಾಗುತ್ತದೆ. ವೇಗದಲ್ಲಿ ಬರುವ ನಡುಕ ಎಂಜಿನಿನದ್ದೋ ಚಕ್ರದ್ದೋ ಎಂಬ ಸಂಶಯ ಬಂದರೆ, ಸಮತಟ್ಟಾದ ಖಾಲಿ ರಸ್ತೆಯಲ್ಲಿ ಕ್ಷಣ ಹೊತ್ತು ಕ್ಲಚ್ ಒತ್ತಿ ನೋಡಿ. ಆಗಲೂ ನಡುಕ ಹಾಗೇ ಇದ್ದರೆ ಚಕ್ರದ ಕಡೆಯದು. ನಿಂತು ಹೋದರೆ ಎಂಜಿನ್ ಅಥವಾ ಶಾಫ್ಟಿನ ಕಡೆಯದು. ಘಾಟಿಯಲ್ಲಿ ಈ ಪರೀಕ್ಷೆ ಬೇಡ.

ಎಲ್ಲಕ್ಕಿಂತ ಹೆಚ್ಚು ಹೆದರಬೇಕಾದ್ದು ನಿಧಾನ ವೇಗದಲ್ಲೇ ಕಾಣುವ ತೂಗಾಟಕ್ಕೆ. 20-30ರ ವೇಗದಲ್ಲಿ ಸ್ಟೇರಿಂಗ್ ಎಡಕ್ಕೆ ಬಲಕ್ಕೆ ತೊಟ್ಟಿಲಿನಂತೆ ಆಡಿದರೆ ಮೂರು ಕಾರಣ ಇರಬಹುದು: ಚಕ್ರದ ನಟ್ ಸಡಿಲ, ರಿಮ್ ಬಾಗಿರುವುದು, ಅಥವಾ ಟಯರೇ ಒಳಗಿನಿಂದ ಹರಿದಿರುವುದು. ಇದನ್ನು ನಾನು ಕಣ್ಣಾರೆ ಕಂಡದ್ದು 2023ರಲ್ಲಿ.

ನಮ್ಮ ಮನೆ ಉಪ್ಪಿನಂಗಡಿಯ ಹತ್ತಿರ. ಮನೆಯವರು ದಮ್ಮಾಮ್‌ನಲ್ಲಿದ್ದಾರೆ. ಅತ್ತೆಗೆ ಮೂತ್ರಪಿಂಡದ ತೊಂದರೆ. ತಿಂಗಳಿಗೊಮ್ಮೆ ಅವರನ್ನು ಮಂಗಳೂರಿಗೆ ಕರೆದೊಯ್ಯಬೇಕು. ಆ ದಿನ ಬಿ.ಸಿ. ರೋಡ್ ಕಳೆದು, ಬ್ರಹ್ಮರಕೂಟ್ಲು ಟೋಲ್ ದಾಟಿ ತುಂಬೆಯ ಕಡೆ ವೇಗ ಹೆಚ್ಚಿಸಿದಾಗ ಸ್ಟೇರಿಂಗ್ ನಡುಗಿತು. ಕೂಡಲೇ ವೇಗ ಇಳಿಸಿ ಎಡಬದಿಯಲ್ಲೇ ನಿಧಾನವಾಗಿ ಹೋಗಿ ಬಂದೆವು. ಮರುದಿನವೇ ಒಂದು ದೊಡ್ಡ ವರ್ಕ್‌ಶಾಪಿಗೆ ಕಾರು ಕೊಂಡುಹೋದೆ. ಅಲ್ಲಿಯವರು ಅಲೈನ್‌ಮೆಂಟ್ ಮಾಡಿ ಬಿಲ್ಲು ಕೊಟ್ಟರು. ನಡುಕ ಹೋಗಿರಲಿಲ್ಲ. ಪುನಃ ಹೋದಾಗ "ಎಂತದೂ ಇಲ್ಲ ಮೇಡಂ, ರೋಡ್‌ನದ್ದು" ಎಂದರು. ನಾನು ಬಿಡದಿದ್ದಾಗ, ಮುಂದಿನ ಎರಡೂ ಶಾಕ್ ಅಬ್ಸಾರ್ಬರ್ ಹೋಗಿದೆ, ಹದಿನಾರು ಸಾವಿರ ಆಗಬಹುದು ಎಂದರು. "ಮನೆಯಲ್ಲಿ ಗಂಡಸರು ಯಾರಾದರೂ ಇದ್ದರೆ ಫೋನ್ ಮಾಡಲಿಕ್ಕೆ ಹೇಳಿ, ಅವರಿಗೆ ವಿವರಿಸುತ್ತೇವೆ" ಎಂದೂ ಸೇರಿಸಿದರು. ಕಾರಿನಲ್ಲಿ ಕುಳಿತು ಒಂದು ಸುತ್ತು ಓಡಿಸಿ ನೋಡಿದವರು ಯಾರೂ ಇಲ್ಲ.

ಆ ತಿಂಗಳ ತಪಾಸಣೆಗೆ ಅತ್ತೆಯನ್ನು ಬಸ್ಸಿನಲ್ಲೇ ಕರೆದೊಯ್ದೆ. ಗಂಟು ನೋವಿನ ಅವರು ಎರಡು ಕೈಯಿಂದಲೂ ಕಂಬಿ ಹಿಡಿದು ಬಸ್ಸಿನ ಮೆಟ್ಟಿಲು ಹತ್ತುವುದನ್ನು ಕೆಳಗಿನಿಂದ ನೋಡುತ್ತಾ ನಿಂತವಳು ನಾನು. "ಕಾರಿಗೆ ಎಂತ ಆಗಿದೆ ಮಗಳೇ?" ಎಂದು ಅವರು ಕೇಳಿದರೆ ಹೇಳಲು ನನ್ನ ಬಳಿ ಉತ್ತರವಿರಲಿಲ್ಲ. ಅಂದು ರಾತ್ರಿ ಉಪ್ಪನ ಮೂರು ಪ್ರಶ್ನೆಗಳನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದೆ. ಮರುದಿನ ಬೆಳಿಗ್ಗೆ ನಮ್ಮ ಊರಿನ ಖಾಲಿ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ, ಹೆದ್ದಾರಿಯಲ್ಲಿ ಕಂಡದ್ದನ್ನೂ ನೆನಪಿಸಿಕೊಂಡು ಹೀಗೆ ತುಂಬಿಸಿದೆ: ನಿಂತಾಗ ನಡುಕವಿಲ್ಲ. ಕ್ಲಚ್ ಒತ್ತಿದರೂ ನಿಲ್ಲುವುದಿಲ್ಲ. ಬ್ರೇಕ್ ಹಾಕಿದರೆ ಹೆಚ್ಚಾಗುವುದಿಲ್ಲ. 70ರ ಮೇಲೆ ಸ್ಟೇರಿಂಗ್ ನಡುಗುತ್ತದೆ. 20-25ರಲ್ಲಿ ಸ್ಟೇರಿಂಗ್ ಸಣ್ಣಗೆ ಎಡಕ್ಕೆ ಬಲಕ್ಕೆ ತೂಗುತ್ತದೆ.

ಆ ಪುಸ್ತಕ ಹಿಡಿದು ನಿಧಾನವಾಗಿ ಓಡಿಸಿಕೊಂಡು ಹತ್ತಿರದ ಒಂದು ಸಣ್ಣ ಟಯರ್ ಅಂಗಡಿಗೆ ಹೋದೆ. ಅಂಗಡಿಯ ಯುವಕ ಓದಿ, ಕೊನೆಯ ಸಾಲಿನ ಮೇಲೆ ಬೆರಳಿಟ್ಟು, "ಇದು ಚಕ್ರವೇ ಮೇಡಂ, ಬೇರೆ ಎಂತದೂ ಅಲ್ಲ" ಎಂದ. ಜಾಕಿ ಕೊಟ್ಟು ಎಡಗಡೆಯ ಮುಂದಿನ ಚಕ್ರವನ್ನು ನೆಲದಿಂದ ಎತ್ತಿದ. ಟಯರಿನ ಹತ್ತಿರ ಒಂದು ಸ್ಕ್ರೂಡ್ರೈವರ್ ಅಲುಗದಂತೆ ಹಿಡಿದು ಚಕ್ರವನ್ನು ಕೈಯಿಂದ ತಿರುಗಿಸಿದ. ಒಂದು ಕಡೆ ಬಂದಾಗ ಟಯರು ಸ್ಕ್ರೂಡ್ರೈವರನ್ನು ಮುಟ್ಟುತ್ತಿತ್ತು, ಉಳಿದ ಕಡೆ ಇಲ್ಲ. ಚಕ್ರ ಕಳಚಿ ಒಳಬದಿ ತೋರಿಸಿದ. ಹೊರಗಿನಿಂದ ಕಾಣದ ಆ ಬದಿಯಲ್ಲಿ ನಿಂಬೆಹಣ್ಣಿನ ಹೋಳಿನಷ್ಟು ಒಂದು ಗುಳ್ಳೆ ಎದ್ದಿತ್ತು. ಗುಂಡಿಯ ಅಂಚಿಗೆ ಬಡಿದಾಗ ಟಯರಿನ ಗೋಡೆಯೊಳಗಿನ ನೂಲುಗಳು ಕತ್ತರಿಸಿ ಹೋಗುತ್ತವೆ. ಆಮೇಲೆ ಅಲ್ಲಿ ಗಾಳಿಯನ್ನು ತಡೆದು ನಿಲ್ಲಿಸಿರುವುದು ತೆಳ್ಳಗಿನ ರಬ್ಬರು ಮಾತ್ರ. ಇದಕ್ಕೆ ತೇಪೆ ಇಲ್ಲ, ಬ್ಯಾಲೆನ್ಸಿಂಗ್‌ನಿಂದಲೂ ಸರಿಯಾಗುವುದಿಲ್ಲ.

"ಇದು ಇನ್ನೆಷ್ಟು ದಿನ ಬರುತ್ತಿತ್ತು?" ಎಂದು ಕೇಳಿದೆ.

"ಹೇಳಲಿಕ್ಕಾಗುವುದಿಲ್ಲ. ಎರಡು ತಿಂಗಳು ಹೋಗಬಹುದು, ಇವತ್ತೇ ಒಡೆಯಲೂಬಹುದು" ಎಂದ ಅವನು.

ಅಲ್ಲೇ ನಿಂತು ಅಲ್ಹಮ್ದುಲಿಲ್ಲಾಹ್ ಎಂದೆ. ಮುಂದಿನ ಎರಡು ಟಯರು ಹೊಸದು ಹಾಕಿ ಬ್ಯಾಲೆನ್ಸಿಂಗ್ ಮಾಡಿದಾಗ ಆದ ಖರ್ಚು ಶಾಕ್ ಅಬ್ಸಾರ್ಬರಿಗೆ ಕೇಳಿದ್ದರ ಅರ್ಧಕ್ಕಿಂತಲೂ ಕಡಿಮೆ. ನಡುಕ ಪೂರ್ತಿ ಹೋಯಿತು. ಹದಿನಾರು ಸಾವಿರ ಕೊಟ್ಟು ಬಂದಿದ್ದರೂ ಆ ಗುಳ್ಳೆ ಹಾಗೆಯೇ ಇರುತ್ತಿತ್ತು. "ಎಲ್ಲ ಸರಿ ಮಾಡಿಸಿದ್ದೇನೆ" ಎಂಬ ಧೈರ್ಯದಲ್ಲಿ ಅತ್ತೆಯನ್ನು ಪಕ್ಕದಲ್ಲಿ ಕೂರಿಸಿ ಮತ್ತೆ ಹೆದ್ದಾರಿಗೆ ಹೋಗುತ್ತಿದ್ದೆ. ಅದನ್ನು ನೆನೆದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

ಈಗ ನನ್ನ ಮನೆಯಲ್ಲಿ ತಿಂಗಳಿಗೊಮ್ಮೆ ಒಂದು ಕೆಲಸ ಇದೆ. ಅಂಗಳದಲ್ಲಿ ಕಾರು ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಟಯರು ತಣ್ಣಗಾದ ಮೇಲೆ ಪ್ರತಿ ಟಯರಿನ ಎರಡೂ ಗೋಡೆಗಳ ಮೇಲೆ ಕೈಯಾಡಿಸುತ್ತೇನೆ. ಮುಂದಿನ ಚಕ್ರಗಳನ್ನು ತಿರುಗಿಸಿ ನಿಲ್ಲಿಸಿದರೆ ಒಳಬದಿಗೂ ಕೈ ಹೋಗುತ್ತದೆ. ಉಬ್ಬು, ಸೀಳು, ಮೊಳೆ ಇದ್ದರೆ ಬೆರಳಿಗೆ ಸಿಗುತ್ತದೆ. ಟಯರಿನ ಪಕ್ಕದಲ್ಲಿ ನಾಲ್ಕು ಅಂಕೆ ಒತ್ತಿರುತ್ತಾರೆ. 2321 ಎಂದಿದ್ದರೆ 2021ರ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಸವೆಯದಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಹೊಸದೆಂದು ಮಾರುವ ಟಯರಿನಲ್ಲೂ ಈ ಅಂಕೆ ನೋಡಿ. ಟಯರಿನ ಗೀರುಗಳ ಆಳ 1.6 ಮಿಲಿಮೀಟರಿಗಿಂತ ಕಡಿಮೆಯಾದರೆ ಕಾನೂನಿನ ಪ್ರಕಾರವೂ ಅದು ರಸ್ತೆಗೆ ಯೋಗ್ಯವಲ್ಲ. ಗೀರುಗಳ ನಡುವೆ ಇರುವ ಸಣ್ಣ ದಿಣ್ಣೆಯ ಮಟ್ಟಕ್ಕೆ ಟಯರು ಸವೆಯಿತೆಂದರೆ ಆ ಹೊತ್ತು ಬಂದಿದೆ ಎಂದೇ ಲೆಕ್ಕ.

ಗಂಡಸರು ರಜೆ ಮುಗಿಸಿ ಹೋದ ಮೇಲೆ ತಿಂಗಳುಗಟ್ಟಲೆ ಟಾರ್ಪಾಲಿನ ಕೆಳಗೆ ನಿಲ್ಲುವ ಕಾರುಗಳೂ ನಮ್ಮಲ್ಲಿ ಇವೆ. ಒಂದೇ ಕಡೆ ಭಾರ ಬಿದ್ದು ಟಯರಿನ ಬುಡ ಚಪ್ಪಟೆಯಾಗುತ್ತದೆ. ಪುನಃ ಓಡಿಸಿದಾಗ ನಡುಗುತ್ತದೆ. ಕೆಲವು ದಿನ ಮಾತ್ರ ನಿಂತಿದ್ದರೆ ಸ್ವಲ್ಪ ದೂರ ಓಡಿದ ಮೇಲೆ ಟಯರು ಬಿಸಿಯಾಗಿ ಸರಿಹೋಗುತ್ತದೆ. ತಿಂಗಳುಗಟ್ಟಲೆ ನಿಂತದ್ದು ಸರಿಹೋಗದೆಯೂ ಇರಬಹುದು. ಆದ್ದರಿಂದ ಗಾಳಿ ಸರಿಯಾಗಿಟ್ಟು ವಾರಕ್ಕೊಮ್ಮೆ ಒಂದು ಸುತ್ತು ಓಡಿಸುವುದು ಒಳ್ಳೆಯದು. ಪಂಕ್ಚರ್ ಹಾಕಿಸಿ ಚಕ್ರ ಕೂರಿಸಿದ ಮೇಲೆ ಐವತ್ತು ನೂರು ಕಿಲೋಮೀಟರ್ ಓಡಿದ ನಂತರ ನಟ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಿ. ಬರೇ ಜಾಕಿಯ ಮೇಲೆ ನಿಂತ ಕಾರಿನ ಅಡಿಗೆ ಕೈಯನ್ನಾಗಲಿ ತಲೆಯನ್ನಾಗಲಿ ಎಂದೂ ಹಾಕಬೇಡಿ. ಮಕ್ಕಳನ್ನು ಹತ್ತಿರ ಬಿಡಬೇಡಿ.

ಹೆದ್ದಾರಿಯಲ್ಲಿ ಒಮ್ಮೆಗೇ ಜೋರಾಗಿ ನಡುಗಿದರೆ? ಗಾಬರಿಯಿಂದ ಬ್ರೇಕ್ ತುಳಿಯಬಾರದು. ಎರಡೂ ಕೈಯಿಂದ ಸ್ಟೇರಿಂಗ್ ನೇರ ಹಿಡಿಯಿರಿ. ಎಕ್ಸಲೇಟರ್‌ನಿಂದ ಕಾಲು ತೆಗೆಯಿರಿ. ವೇಗ ತಾನಾಗಿ ಇಳಿದ ಮೇಲೆ ಮೆಲ್ಲನೆ ಎಡಬದಿಗೆ ತಂದು, ನಾಲ್ಕೂ ಸಿಗ್ನಲ್ ದೀಪ ಹಾಕಿ ನಿಲ್ಲಿಸಿ. ಒಳಗಿದ್ದವರನ್ನು ರಸ್ತೆಯ ಬದಿಗೆ ಇಳಿಸಿ ಆಮೇಲೆ ನೋಡಿ.

ಸಹೋದರಿಯರೇ, ಮೆಕ್ಯಾನಿಕ್‌ಗಳೆಲ್ಲ ಮೋಸಗಾರರು ಎಂದು ನಾನು ಹೇಳುತ್ತಿಲ್ಲ. ನನ್ನ ಅತ್ತೆಯ ಜೀವ ಉಳಿಸಿದವನೂ ಒಬ್ಬ ಟಯರ್ ಅಂಗಡಿಯ ಹುಡುಗನೇ. ಆದರೆ ಡಾಕ್ಟರ ಮುಂದೆ "ಮೈಯಲ್ಲಿ ಹುಷಾರಿಲ್ಲ" ಎಂದಷ್ಟೇ ಹೇಳಿದರೆ ಅವರು ತಾನೇ ಏನು ಮಾಡಿಯಾರು? ಎಲ್ಲಿ ನೋವು, ಎಂದಿನಿಂದ, ಊಟದ ಮೊದಲೋ ನಂತರವೋ ಎಂದು ಹೇಳಿದರೆ ಮದ್ದು ಸಿಗುತ್ತದೆ. ಗ್ಯಾರೇಜಿಗೂ ಹಾಗೆಯೇ ಹೋಗಿ. ಯಾವ ವೇಗದಲ್ಲಿ, ಎಲ್ಲಿ, ಏನು ಮಾಡಿದಾಗ ಎಂದು ಚೀಟಿಯಲ್ಲಿ ಬರೆದು ಕೊಡಿ. "ಒಂದು ಸುತ್ತು ನನ್ನೊಡನೆ ಬಂದು ನೋಡಿ" ಎಂದು ಕರೆಯಿರಿ. ಬಿಡಿಭಾಗ ಬದಲಾಯಿಸಿದರೆ ಹಳೆಯದನ್ನು ತೋರಿಸಲು ಹೇಳಿ. ಫೋನಿನಲ್ಲಿ ಗಂಡಸರು ಬೇಕೆಂದರೆ, ಓಡಿಸುವವಳು ನಾನೇ, ನನಗೇ ಹೇಳಿ ಎನ್ನಿ.

ನನ್ನ ದೊಡ್ಡ ಮಗಳು ಈಗ ಗಾಡಿ ಕಲಿಯುತ್ತಿದ್ದಾಳೆ. ಗೇರು, ಕ್ಲಚ್, ಸಿಗ್ನಲ್ ಎಲ್ಲವನ್ನೂ ಡ್ರೈವಿಂಗ್ ಶಾಲೆಯವರು ಕಲಿಸುತ್ತಾರೆ. ಟಯರಿನ ಒಳಬದಿಗೆ ಕೈಯಾಡಿಸುವುದನ್ನು ಮಾತ್ರ ನಾನೇ ಕಲಿಸಿದ್ದೇನೆ. ಕೈ ಕರಿ ಆಗುತ್ತದೆ ಎಂದು ಮೊದಲ ದಿನ ಗೊಣಗಿದಳು. ಸೋಪು ಹಚ್ಚಿ ತೊಳೆದರೆ ಹೋಗುವ ಕರಿ ಅದು.